ಎಡಗಿವಿಯ ಪಾಲಿನ ಹಾಡು

ಅಥಣಿ

ನಾನು ತುರ್ಕಿಗೆ ಹೊರಟದ್ದು ದ್ರಾಕ್ಷಿ ಒಣಗಿಸುವುದನ್ನು ನೋಡಲು. ಅರ್ಜಿಯಲ್ಲಿ ಹಾಗೆಂದೇ ಬರೆದಿದ್ದೆ, ಕೇಳಿದವರಿಗೂ ಅದನ್ನೇ ಹೇಳಿದ್ದೆ. ಅದು ಸುಳ್ಳೇನಲ್ಲ. ಅಥಣಿಯ ಹತ್ತಿರ ನಮ್ಮದು ನಾಲ್ಕೆಕರೆ ದ್ರಾಕ್ಷಿ ತೋಟ. ಇಪ್ಪತ್ತೆಂಟು ವರ್ಷದಿಂದ ಬಳ್ಳಿ ಸವರಿಸುವುದು, ಶೆಡ್ಡಿನ ಬಲೆಗಳ ಮೇಲೆ ಹಣ್ಣು ಹರವಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವುದು ಎಲ್ಲ ನನ್ನ ಕಣ್ಣೆದುರೇ ನಡೆದಿದೆ. ನಮ್ಮ ಭಾಗದ ಬೆಳೆಗಾರರ ಸಂಘದಿಂದ ಹದಿನಾಲ್ಕು ಜನ ಹೊರಟಿದ್ದರು. ಅವರಲ್ಲಿ ಹೆಂಗಸರು ಇಬ್ಬರು: ನಾನು ಮತ್ತು ಕಾಗವಾಡದ ಶಾಂತಾಬಾಯಿ.

ಮನೆಯಲ್ಲಿ ಬೇಡವೆಂದದ್ದು ನನ್ನ ಕಿವಿಯ ಕಾರಣಕ್ಕೆ. ಮೂರು ವರ್ಷದ ಹಿಂದೆ ಎಡಗಿವಿ ಪೂರ್ತಿ ಹೋಯಿತು. ಬಲಗಿವಿ ಅರ್ಧ ಉಳಿದಿದೆ. ಮಿರಜಿನ ಡಾಕ್ಟರರು, "ಇದೂ ಹೋಗತೈತ್ರಿ, ಯಾವಾಗ ಅಂತ ಹೇಳಾಕ ಬರಂಗಿಲ್ಲ" ಎಂದಿದ್ದರು. ಅಂದಿನಿಂದ ಮನೆಯಲ್ಲಿ ಎಲ್ಲರೂ ನನಗೆ ಹಳೆಯ ಹಾಡು ಹಚ್ಚಿಕೊಡತೊಡಗಿದರು. ನನ್ನ ಮದುವೆಯ ಕಾಲದವು, ಭಜನೆಯವು. ಕಣ್ಣು ಮುಚ್ಚಿ ಕೇಳು, ಸಮಾಧಾನವಾಗುತ್ತದೆ ಎಂದರು. ಸಾಯುವವರಿಗೆ ಬೇಕಾದ ತಿಂಡಿ ಮಾಡಿಕೊಡುವಂತಿತ್ತು ಅದು.

ನನಗೆ ಸಿಟ್ಟು ಬಂತು. ಹಳೆಯ ಹಾಡು ನನಗೆ ಬಾಯಿಪಾಠ. ನಾಳೆ ಎರಡೂ ಕಿವಿ ಮುಚ್ಚಿದರೂ ಅವು ತಲೆಯೊಳಗೆ ನಡೆಯುತ್ತವೆ. ಹೊಸದು ಒಳಗೆ ಬರಬೇಕಾದರೆ ಇರುವ ಬಾಗಿಲು ಇದೊಂದೇ, ಅದೂ ಅರ್ಧ ತೆರೆದದ್ದು. ಹಾಗಿದ್ದ ಮೇಲೆ ಯಾವುದನ್ನು ಮೊದಲು ಕೇಳಬೇಕು?

ಸೊಸೆಯಿಂದ ಫೋನಿನಲ್ಲಿ ಹುಡುಕುವುದನ್ನು ಕಲಿತೆ. ಬಲಗಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ವಾರಕ್ಕೊಂದು ಹೊಸ ಆಲ್ಬಮ್. ಯಾವ ಭಾಷೆಯದಾದರೂ ಸರಿ, ಈ ವರ್ಷ ಬಂದದ್ದಾಗಿರಬೇಕು. ಒಂದು ಹಾಡು ಕೇಳಿ ಬಿಡುವುದಲ್ಲ, ಮೊದಲಿನಿಂದ ಕೊನೆಯವರೆಗೆ ಕೇಳಬೇಕು, ಅದೂ ಮೂರು ಸಲ. ಮೊದಲ ಸಲ ಅದು ಪರಕೀಯ. ಎರಡನೆಯ ಸಲಕ್ಕೆ ಪರಿಚಯವಾಗುತ್ತದೆ. ಮೂರನೆಯ ಸಲಕ್ಕೆ, ಇದು ಮತ್ತೆ ಮತ್ತೆ ಮನೆಗೆ ಕರೆಯಬೇಕಾದ ಜೀವವೋ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಕಾದದ್ದೋ ಗೊತ್ತಾಗಿಬಿಡುತ್ತದೆ. ಬಹಳಷ್ಟನ್ನು ಬಾಗಿಲಿನಿಂದಲೇ ಕಳಿಸಿದ್ದೇನೆ.

"ಐವತ್ತೇಳಕ್ಕ ಇದೆಂಥಾ ಹುಚ್ಚ ಬೇ ನಿಂದು?" ಎಂದು ನನ್ನ ಅಕ್ಕ ಕೇಳಿದಳು. ನನ್ನ ಗಂಡ ಮಾತ್ರ ಪಾಸ್‌ಪೋರ್ಟ್ ಬಂದ ದಿನ ಒಂದೇ ಮಾತು ಹೇಳಿದರು: "ಕಿವಿ ನಿಂದು, ಕಾಲೂ ನಿಂದು. ಹೋಗಿ ಬಾ. ಶೆಡ್ಡ ನಾ ನೋಡ್ಕೋತೀನಿ."

ಮುಂಬೈಯಿಂದ ಮೇಲೆ

ನೆಗಡಿ ಇದ್ದಾಗ ವಿಮಾನ ಹತ್ತಬೇಡಿ ಎಂದು ಡಾಕ್ಟರರು ಹೇಳಿದ್ದರು. ನೆಗಡಿ ಮುಂಬೈಯಲ್ಲೇ ಶುರುವಾಯಿತು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ನಮ್ಮ ತಂಡದ ಮುಖಂಡರು ಬಾಳಾಸಾಹೇಬರು. ನಿಪ್ಪಾಣಿ ಕಡೆಯವರು, ಅರವತ್ತು ದಾಟಿದವರು, ಎಲ್ಲರ ಪಾಸ್‌ಪೋರ್ಟನ್ನೂ ತಮ್ಮ ಸೊಂಟದ ಚೀಲದಲ್ಲಿ ಕಟ್ಟಿಕೊಂಡು ಓಡಾಡುವವರು. ಸೀನು ಬಂದಾಗಲೆಲ್ಲ ನಾನು ಅವರಿಗೆ ಬೆನ್ನು ತಿರುಗಿಸಿ ಸೆರಗಿನೊಳಗೆ ಸೀನಿದೆ.

ಇಜ್ಮಿರ್‌ನಲ್ಲಿ ವಿಮಾನ ಇಳಿಯುವಾಗ ಬಲಗಿವಿಯಲ್ಲಿ ಮೊಳೆ ಹೊಡೆದಂತಾಯಿತು. ಪಕ್ಕದಲ್ಲಿ ಶಾಂತಾಬಾಯಿಯ ಬಾಯಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ನನ್ನ ದನಿ ನನಗೆ ಬಾವಿಯ ತಳದಿಂದ ಬಂದಂತಿತ್ತು. ಆಮೇಲೆ ಅದೂ ನಿಂತಿತು.

ನಾನು ಅಳಲಿಲ್ಲ. ಇಷ್ಟು ದೂರ ಬಂದು ಒಂದು ಸಾಲು ಹಾಡೂ ಕೇಳದೆ ಕಿವುಡಿಯಾಗಿ ವಾಪಸಾದೆ ಎಂದರೆ ಅಕ್ಕನ ಮುಂದೆ ಹೇಗೆ ನಿಲ್ಲಲಿ ಎಂಬುದೇ ಚಿಂತೆಯಾಗಿತ್ತು.

ಇಜ್ಮಿರ್, ದನಿಯಿಲ್ಲದ ಎರಡು ದಿನ

ಕಿವಿ ಇಲ್ಲದೆ ಒಂದು ಊರನ್ನು ನೋಡುವುದು ಕೈಗವಸು ಹಾಕಿಕೊಂಡು ಹಿಟ್ಟು ನಾದಿದಂತೆ. ಸಮುದ್ರ ಕಂಡಿತು, ಸಪ್ಪಳವಿಲ್ಲ. ಬಸ್ಸುಗಳು ಹಿಂದಿನಿಂದ ಬಂದು ಮೈಸವರಿಕೊಂಡೇ ಹೋದವು. ಶಾಂತಾಬಾಯಿ ನನ್ನ ಮೊಣಕೈ ಹಿಡಿದು, ಸಂತೆಗೆ ಎಮ್ಮೆ ಹೊಡೆದುಕೊಂಡು ಹೋಗುವಂತೆ ನನ್ನನ್ನು ರಸ್ತೆ ದಾಟಿಸಿದಳು.

ಮೊದಲ ದಿನ ಮಧ್ಯಾಹ್ನ ಊಟದ ಮನೆಯಲ್ಲಿ ಬಡಿಸುವವನು ಬಂದು ಬೊಗಸೆ ಹಿಡಿಯಲು ಸನ್ನೆ ಮಾಡಿದ. ಹಿಡಿದೆ. ಘಮಘಮಿಸುವ ನೀರು ಸುರಿದ. ಬೊಗಸೆಗೆ ಯಾರಾದರೂ ನೀರು ಸುರಿದರೆ ಏನು ಮಾಡಬೇಕೆಂದು ನಮಗೆ ಹುಟ್ಟಿನಿಂದ ಗೊತ್ತು. ಮೂರು ಗುಟುಕು ತೀರ್ಥ ತೆಗೆದುಕೊಂಡು ಉಳಿದದ್ದನ್ನು ತಲೆಗೆ ಸವರಿಕೊಂಡೆ. ಗಂಟಲು ಹೊತ್ತಿ ಉರಿಯಿತು. ಅದು ಕೈಗೆ ಹಚ್ಚಿಕೊಳ್ಳುವ ನಿಂಬೆಯ ಅತ್ತರಂತೆ! ಹದಿಮೂರು ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ನನಗೆ ಹದಿಮೂರು ಬಾಯಿ ಕಂಡವು, ನಗೆ ಕೇಳಿಸಲಿಲ್ಲ.

ಇನ್ನೊಂದು ಪಜೀತಿ ಹೋಟೆಲಿನಲ್ಲಿ ಆಯಿತು. ಬಿಸಿನೀರು ಬೇಕೆಂದು ಲೋಟ ತೋರಿಸಿ ಕೇಳಿದೆ. ಕೌಂಟರಿನಲ್ಲಿದ್ದವನು ಹುಬ್ಬು ಏರಿಸಿ ಗದ್ದವನ್ನು ಮೇಲಕ್ಕೆತ್ತಿದ. ನಮ್ಮಲ್ಲಿ ಹಾಗೆ ಮಾಡಿದರೆ 'ಏನು?' ಎಂದರ್ಥ. ಮತ್ತೆ ಕೇಳಿದೆ. ಮತ್ತೆ ಗದ್ದ ಎತ್ತಿದ. ನಾಲ್ಕು ಸಲ ಕೇಳಿದೆ, ಕೊನೆಗೆ ಕಿರುಚಿದೆನೋ ಏನೋ, ಎಲ್ಲರೂ ತಿರುಗಿ ನೋಡಿದರು. ನಮ್ಮ ಮಾರ್ಗದರ್ಶಿ ಎಮ್ರೆ, ಮುಂಬೈ ಪ್ರವಾಸಿಗರಿಂದ ಒಂದಿಷ್ಟು ಹಿಂದಿ ಕಲಿತ ತರುಣ, ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಚೀಟಿಯ ಮೇಲೆ ಬರೆದು ತಿಳಿಸಿದ: ಅದು 'ಇಲ್ಲ' ಎನ್ನುವ ಸನ್ನೆ. ಹಾಗೆ ಮಾಡುವಾಗ ನಾಲಿಗೆಯಿಂದ 'ತ್ಚ್' ಎಂದು ಸಪ್ಪಳವನ್ನೂ ಮಾಡುತ್ತಾರಂತೆ. ಆ 'ತ್ಚ್' ಕೇಳಿದ್ದರೆ ನನಗೆ ಮೊದಲನೆಯ ಸಲಕ್ಕೇ ತಿಳಿಯುತ್ತಿತ್ತು. ನಮ್ಮ ಹೊಲದಲ್ಲಿಯೂ ಆಳುಗಳು ಬೇಡವೆನ್ನಲು ಬಾಯಿ ತೆರೆಯುವುದಿಲ್ಲ, 'ತ್ಚ್' ಎನ್ನುತ್ತಾರೆ, ಅಷ್ಟೆ. ಐದು ಸಾವಿರ ಕಿಲೋಮೀಟರ್ ಆಚೆ ನಮ್ಮದೇ ನಾಲಿಗೆಯ ಸಪ್ಪಳವಿತ್ತು, ನನಗೇ ಕಿವಿ ಇರಲಿಲ್ಲ.

ಅಲಾಶೆಹಿರ್

ಮೂರನೆಯ ದಿನ ದ್ರಾಕ್ಷಿ ಸೀಮೆಗೆ ಹೋದೆವು. ನಾವು ನೆರಳಿನಲ್ಲಿ, ಬಲೆಯ ಮೇಲೆ ಒಣಗಿಸಿದರೆ ಅವರು ಹಣ್ಣನ್ನು ಎಣ್ಣೆನೀರಿನಲ್ಲಿ ಅದ್ದಿ ಬಟ್ಟಬಯಲಿನಲ್ಲಿ, ನೆಲದ ಮೇಲೆಯೇ ಹರವುತ್ತಾರೆ. ಗುಡ್ಡದ ಬುಡದವರೆಗೂ ಹಳದಿ ಹಾಸು. ನಮ್ಮ ಆಕಾಶದ ಕೆಳಗೆ ಹೀಗೆ ಬಿಟ್ಟರೆ ಒಂದು ಅಕಾಲಿಕ ಮಳೆ ಸಾಕು. ಅವರ ಧೈರ್ಯ ನೋಡಿ ಹೊಟ್ಟೆಕಿಚ್ಚಾಯಿತು.

ಹಣ್ಣು ಬಾಚುವ ಧೂಳು ಮೂಗಿಗೆ ಹೋಗಿ ನಾನು ಸೀನಿದೆ. ಇನ್ನೊಮ್ಮೆ. ಮೂರನೆಯದಕ್ಕೆ ಬಲಗಿವಿಯೊಳಗೆ ಪಟ್ ಎಂದಿತು. ಲೋಕ ಒಮ್ಮೆಲೇ ಒಳಗೆ ನುಗ್ಗಿತು. ಗಾಳಿ, ಟ್ರ್ಯಾಕ್ಟರು, ಬುಟ್ಟಿ ಎಳೆಯುವ ಸಪ್ಪಳ. ಮತ್ತು ಎರಡು ದಿನದ ನಂತರ ನಾನು ಕೇಳಿದ ಮೊದಲ ಮಾತು. ಬಾಳಾಸಾಹೇಬರು ನನ್ನ ಬೆನ್ನ ಹಿಂದೆಯೇ ನಿಂತು ಯಾರಿಗೋ ಹೇಳುತ್ತಿದ್ದರು:

"ಈ ಮಂಗಲಾ ವೈನಿನ್ನ ಕರಕೊಂಡ ಬಂದದ್ದ ತಪ್ಪಾತು ನೋಡ್ರಿ. ಕಿವುಡಿನ್ನ ಎಲ್ಲಿ ಅಂತ ಕಾಯೂದು?"

ನಾನು ತಿರುಗಿದೆ. "ಕೇಳಸ್ತೈತ್ರಿ, ಬಾಳಾಸಾಹೇಬ್ರ. ಇನ್ನೊಂದಿಷ್ಟ ಅನ್ರಿ."

ಅವರು ಟೋಪಿ ಸರಿಮಾಡಿಕೊಂಡು ದ್ರಾಕ್ಷಿ ನೋಡಲು ಹೋದರು.

ಆಗ ಕೇಳಿಸಿತು. ಹಣ್ಣು ತುಂಬುವ ಟ್ರ್ಯಾಕ್ಟರಿನ ಗಾಲಿಯ ಮೇಲ್ಮುಚ್ಚಳಕ್ಕೆ ತಂತಿಯಿಂದ ಒಂದು ಪುಟ್ಟ ಸ್ಪೀಕರ್ ಬಿಗಿದಿತ್ತು. ಅದರೊಳಗಿಂದ ಎರಡು ಹೆಂಗಸರ ದನಿ. ಒಂದು ಎಳೆಯದು, ಎಳೆದೆಳೆದು ಏನೋ ಕೇಳುತ್ತಿತ್ತು. ಇನ್ನೊಂದು ಮುದಿದನಿ, ತುಂಡರಿಸಿದಂತೆ ಉತ್ತರ ಕೊಡುತ್ತಿತ್ತು. ತಂತಿವಾದ್ಯ ಒಂದಿತ್ತು. ಅದರ ಕೆಳಗೆ ಮೊರದಲ್ಲಿ ಕಾಳು ಕೇರುವಂಥ ಒಂದು ತಾಳ. ನಾನು ಟ್ರ್ಯಾಕ್ಟರಿನ ಕಡೆ ನಡೆದೆ.

ಟ್ರ್ಯಾಕ್ಟರ್ ನಡೆಸುತ್ತಿದ್ದವಳು ನಲವತ್ತರ ಹೆಂಗಸು, ಹೆಸರು ಗುಲ್ಸುನ್. ತಲೆವಸ್ತ್ರದ ಅಂಚಿಗೆ ಸೂಜಿಯಿಂದ ಹೆಣೆದ ಹೂಗಳು. ಇದು ಯಾರ ಹಾಡೆಂದು ಎಮ್ರೆಯಿಂದ ಕೇಳಿಸಿದೆ. ಪಕ್ಕದೂರಿನ ಹುಡುಗಿಯೊಬ್ಬಳು ಈ ಬೇಸಿಗೆಯಲ್ಲಿ ತಂದ ಹೊಸ ಆಲ್ಬಮ್ ಅದು. ಮುದಿದನಿ ಅವಳ ತಾಯಿಯದು. ತಾಯಿ ಎಂದೂ ಹಾಡಿದವಳಲ್ಲ, ದ್ರಾಕ್ಷಿ ಕೊಯ್ಯುವವಳು.

"ಹಾಡಿನ್ಯಾಗ ಏನೈತಿ?" ಎಂದು ಶಾಂತಾಬಾಯಿ ಕೇಳಿದಳು. ನಾನು ಅದನ್ನು ಹಿಂದಿಯಲ್ಲಿ ಕೇಳಿದೆ. ಎಮ್ರೆ ಸ್ವಲ್ಪ ಆಲಿಸಿ, ನಗುತ್ತ ತನ್ನ ಹಿಂದಿಯಲ್ಲಿ ಹೇಳಿದ. ಮಗಳು ದೊಡ್ಡ ದೊಡ್ಡ ಪ್ರಶ್ನೆ ಕೇಳುತ್ತಾಳೆ: ನಾನು ಯಾರನ್ನು ಮದುವೆಯಾಗಲಿ, ಈ ಊರಲ್ಲಿ ಇರಲೋ ಹೋಗಲೋ, ನೀನು ಎಂದಾದರೂ ಸುಖವಾಗಿದ್ದೆಯಾ? ತಾಯಿ ಪ್ರತಿ ಸಲವೂ, 'ಉಂಡೆಯಾ? ಬಾಗಿಲು ಹಾಕು, ಚಳಿ ಬರುತ್ತದೆ' ಎನ್ನುತ್ತಾಳೆ.

"ಅಯ್ಯ ನಮ್ಮವ್ವನ!" ಎಂದಳು ಶಾಂತಾಬಾಯಿ. ಅವಳು ಕಾಗವಾಡದ ಭಜನಾ ಮಂಡಳಿಯಲ್ಲಿ ಮುಂದೆ ನಿಂತು ಹೇಳುವವಳು. ಹೊಸ ಹಾಡೆಂದರೆ ಗದ್ದಲ ಎಂದು ವಿಮಾನದಲ್ಲಿ ನನ್ನ ಕೂಡ ವಾದ ಮಾಡಿದ್ದಳು.

ಎರಡನೆಯ ಹಾಡು ಶುರುವಾಗುವಾಗ ಬಾಳಾಸಾಹೇಬರು ಸೀಟಿ ಊದಿದರು. ಹೌದು, ಊರಿಂದ ಸೀಟಿ ತಂದಿದ್ದರು. ಬಸ್ಸು ಪ್ಯಾಕಿಂಗ್ ಮನೆಗೆ ಹೊರಟಿತ್ತು.

"ನೀವ ನಡೀರಿ," ಎಂದೆ. "ಇದು ಒಂಬತ್ತ ಹಾಡಿಂದು ಐತಂತ. ಮುಗದ ಮ್ಯಾಲ ಬರ್ತೀನಿ."

"ವೈನೀ, ನಾವು ಮಣೂಕ ನೋಡಾಕ ಬಂದೇವೋ ಹಾಡ ಕೇಳಾಕೋ?"

"ನಾ ಎರಡಕ್ಕೂ ಬಂದೀನ್ರಿ."

"ಬಸ್ ನಿಲ್ಲಂಗಿಲ್ಲ."

"ಹೋಗ್ಲಿ ಬಿಡ್ರಿ. ಬಸ್ ನಾಳೆನೂ ಇರತೈತಿ. ನನ್ನ ಕಿವಿದು ಗ್ಯಾರಂಟಿ ಇಲ್ಲ."

ಬಸ್ಸು ನಿಜವಾಗಿಯೂ ಹೋಯಿತು. ಎಮ್ರೆಯೂ ಅದರ ಜೊತೆ ಹೋಗಬೇಕಾಯಿತು. ಧೂಳು ಅಡಗಿದ ಮೇಲೆ ನೋಡಿದರೆ ಶಾಂತಾಬಾಯಿ ಅಲ್ಲೇ ನಿಂತಿದ್ದಳು, ಎರಡೂ ಕೈ ಸೊಂಟದ ಮೇಲೆ. "ನಿಮ್ಮನ್ನ ಒಬ್ಬಾಕಿನ್ನ ಬಿಟ್ಟ ಹೋದ್ರ ನಿಮ್ಮ ಮಾಲಕರಿಗೆ ಏನಂತ ಹೇಳ್ಲ್ಯಾ ಅಕ್ಕಾರ? ಸರೀರಿ ಅತ್ಲಾಗ," ಎಂದು ನನ್ನ ಪಕ್ಕದ ಖಾಲಿ ಬುಟ್ಟಿಯ ಮೇಲೆ ಕುಳಿತಳು.

ಗುಲ್ಸುನ್ ಎಂಜಿನ್ ಬಂದ್ ಮಾಡಿದಳು. ಚಹಾ ಬಂತು. ಅವರೂ ಚಹಾವನ್ನು 'ಚಾಯ್' ಎನ್ನುತ್ತಾರೆ, ಸಕ್ಕರೆಗೆ 'ಶೆಕೆರ್', ಅಂಗಡಿಗೆ 'ದುಕ್ಕಾನ್'. ಮರಾಠಿ, ಉರ್ದು ಬೆರೆತ ನಮ್ಮ ಗಡಿಸೀಮೆಯ ಕಿವಿಗೆ ಇದೆಲ್ಲ ನೆಂಟರ ಮಾತಿನಂತೆ. ಮೂವರು ಹೆಂಗಸರು ಬುಟ್ಟಿಗಳ ಮೇಲೆ ಕುಳಿತು ಒಂಬತ್ತೂ ಹಾಡು ಕೇಳಿದೆವು. ನಾಲ್ಕನೆಯದು ಸಾಮಾನ್ಯ. ಏಳನೆಯದರಲ್ಲಿ ಮಗಳು ಮಾತೇ ಆಡದೆ ಉಸಿರು ಬಿಡುತ್ತಾಳೆ, ತಾಯಿ ಒಬ್ಬಳೇ ಗೊಣಗುತ್ತಾಳೆ. ಅಲ್ಲಿ ಗುಲ್ಸುನ್ ಕಣ್ಣು ಒರೆಸಿಕೊಂಡಳು.

ಮುಗಿದಾಗ ಅವಳು ಬೆರಳನ್ನು ಸುತ್ತು ತಿರುಗಿಸಿ ಕೇಳಿದಳು: "ಬಿರ್ ದಹಾ?" ಇನ್ನೊಮ್ಮೆಯೇ ಎಂದು. ನಾನು ಬಾಯಿ ತೆರೆಯುವ ಮೊದಲೇ ಶಾಂತಾಬಾಯಿ, "ಹ್ಞೂಂ, ಹಚ್ಚ ಹಚ್ಚ" ಎಂದುಬಿಟ್ಟಳು.

ಆಮೇಲೆ ಗುಲ್ಸುನ್ ತಾನೇ ನಮ್ಮನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಪ್ಯಾಕಿಂಗ್ ಮನೆಗೆ ಬಿಟ್ಟಳು. ಬಾಳಾಸಾಹೇಬರ ಮುಖ ಕೆಂಪು ಮೆಣಸಿನಕಾಯಿಯಾಗಿತ್ತು.

ಅದೇ ಸಂಜೆ

ಎಮ್ರೆ ಆ ಆಲ್ಬಮನ್ನು ನನ್ನ ಫೋನಿನಲ್ಲಿ ಹುಡುಕಿಕೊಟ್ಟ. ಇಜ್ಮಿರ್‌ಗೆ ಮರಳಿದ ಮೇಲೆ ಶಾಂತಾಬಾಯಿ ಸ್ನಾನಕ್ಕೆ ಹೋದಳು. ನಾನು ಇಯರ್‌ಫೋನನ್ನು ಬಲಗಿವಿಗೆ ಸಿಕ್ಕಿಸಿ, ಮಂಚದ ಮೇಲೆ ಕುಳಿತು, ಮೊದಲ ಹಾಡು ಹಚ್ಚಿದೆ.

ಮಗಳು ಕೇಳಿದಳು. ಉತ್ತರವಿಲ್ಲ.

ಮತ್ತೆ ಕೇಳಿದಳು. ತಾಯಿಯ ದನಿ ಇರಬೇಕಾದಲ್ಲಿ ಬರಿಯ ಖಾಲಿ. ಏಳನೆಯ ಹಾಡಿಗೆ ಹೋದೆ. ಅಲ್ಲಿ ಬರಿಯ ಉಸಿರು. ಸಪ್ಪಳ ಏರಿಸಿದೆ. ಉಸಿರಷ್ಟೇ ದೊಡ್ಡದಾಯಿತು.

ಮಧ್ಯಾಹ್ನ ಕೇಳಿದ ದನಿ ಸಂಜೆಗಿಲ್ಲ. ನಲ್ಲಿಯ ನೀರಿನ ಸಪ್ಪಳ ಕೇಳಿಸುತ್ತಿತ್ತು, ಬೀದಿಯ ಗಾಡಿ ಕೇಳಿಸುತ್ತಿತ್ತು. ಹಾಗಾದರೆ ಕಿವಿ ಹೋಗುವುದು ಹೀಗೆಯೇ? ಒಂದೊಂದೇ ದನಿಯನ್ನು ಆರಿಸಿಕೊಂಡು ಹೋಗುತ್ತದೆಯೇ? ಮೊದಲು ಮುದುಕಿಯರ ದನಿಯನ್ನೇ?

ಶಾಂತಾಬಾಯಿ ಕೂದಲೊರೆಸಿಕೊಳ್ಳುತ್ತ ಬಂದಾಗ ಫೋನು ದಿಂಬಿನ ಕೆಳಗಿಟ್ಟು ಹಪ್ಪಳದ ಮಾತು ತೆಗೆದೆ. ಹೇಳಿದ್ದರೆ ಅವಳು ಬಾಳಾಸಾಹೇಬರಿಗೆ ಹೇಳುತ್ತಿದ್ದಳು, ಅವರು ನಮ್ಮ ಮನೆಗೆ ಫೋನು ಮಾಡುತ್ತಿದ್ದರು. ಆಗ ಎಲ್ಲರೂ ಸರಿ, ನಾನೊಬ್ಬಳು ತಪ್ಪು. ಅದಕ್ಕೆ ನಾನು ಸಿದ್ಧವಿರಲಿಲ್ಲ.

ಇಜ್ಮಿರ್, ಕೊನೆಯ ದಿನ

ಕೊನೆಯ ದಿನ ಎಲ್ಲರೂ ಮಿಠಾಯಿ, ಟವೆಲ್ಲು ಕೊಳ್ಳಲು ಹೊರಟರು. ನನಗೆ ಹಾಡಿನ ಅಂಗಡಿಗೆ ಹೋಗಬೇಕಿತ್ತು. ಬಾಳಾಸಾಹೇಬರು ಸೊಂಟದ ಚೀಲದ ಮೇಲೆ ಕೈಯಿಟ್ಟರು.

"ಗುಂಪ ಬಿಟ್ಟ ಯಾರೂ ಹೋಗಂಗಿಲ್ರಿ. ಏನರ ಆದ್ರ ಜವಾಬ್ದಾರಿ ಯಾರು?"

"ನನ್ನ ಜವಾಬ್ದಾರಿ ನಂದರಿ. ಬರದ ಕೊಡ್ಲ್ಯಾ?"

ಹೋಟೆಲಿನ ಕಾಗದದ ಮೇಲೆ ಕನ್ನಡದಲ್ಲಿ ಬರೆದುಕೊಟ್ಟೆ: ನನಗೇನಾದರೂ ಆದರೆ ನಾನೇ ಹೊಣೆ, ಬೇರೆ ಯಾರೂ ಅಲ್ಲ, ಇಂತಿ ಮಂಗಲಾ. ಅವರು ಎರಡು ಸಲ ಓದಿ, "ತಾರೀಕ ಹಾಕ್ರಿ" ಎಂದರು. ಹಾಕಿದೆ. ಪಾಸ್‌ಪೋರ್ಟ್ ಕೈಗೆ ಬಂತು. ಶಾಂತಾಬಾಯಿ ಅದೇ ಕಾಗದದ ಕೆಳಗೆ ತನ್ನ ಸಹಿಯನ್ನೂ ಗೀಚಿ ನನ್ನ ಹಿಂದೆ ಬಂದಳು.

ಹಳೆಯ ಪೇಟೆಯ ಒಂದು ಓಣಿಯಲ್ಲಿ ಗುಂಡಿ, ನೂಲು ಮಾರುವ ಅಂಗಡಿಗಳ ನಡುವೆ ಆ ದುಕಾನು ಇತ್ತು. ಮಾಲೀಕ ಎಪ್ಪತ್ತರ ಮುದುಕ, ಹೆಸರು ಹಿಕ್ಮೆತ್. ಶಾಂತಾಬಾಯಿಗೆ ನಗು ತಡೆಯಲಾಗಲಿಲ್ಲ. ನಮ್ಮಲ್ಲಿ ಹಿಕಮತ್ತು ಎಂದರೆ ಉಪಾಯ.

ನನ್ನ ನೆರೆತ ಕೂದಲು ನೋಡಿ ಆತ ಐವತ್ತು ವರ್ಷದ ಹಿಂದಿನ ರೆಕಾರ್ಡುಗಳ ಕಟ್ಟು ಇಳಿಸಿದ. 'ಎಸ್ಕಿ' ಎಂದ. ಹಳೆಯದು, ಒಳ್ಳೆಯದು ಎಂದು ಹೆಬ್ಬೆರಳು ತೋರಿಸಿದ. ಭೂಮಿಯ ಯಾವ ಮೂಲೆಗೆ ಹೋದರೂ ನನ್ನ ವಯಸ್ಸಿನವರಿಗೆ ಇದನ್ನೇ ಕೊಡುತ್ತಾರೆ! ನಾನು ಹುಬ್ಬೇರಿಸಿ, ಗದ್ದ ಮೇಲೆತ್ತಿ, "ತ್ಚ್" ಎಂದೆ. ಫೋನಿನಲ್ಲಿದ್ದ ಆ ಹುಡುಗಿಯ ಆಲ್ಬಮಿನ ಚಿತ್ರ ತೋರಿಸಿ, "ಯೆನಿ" ಎಂದೆ. ಹೊಸದು.

ಮುದುಕ ಕನ್ನಡಕ ಏರಿಸಿ ನನ್ನನ್ನು ಮೊದಲ ಸಲ ನೋಡಿದಂತೆ ನೋಡಿದ. ಹಿಂದಿನ ಕಪಾಟಿನಿಂದ ಅದೇ ಆಲ್ಬಮಿನ ರೆಕಾರ್ಡು ತೆಗೆದು ಯಂತ್ರದ ಮೇಲಿಟ್ಟ. ದೊಡ್ಡ ಹೆಡ್‌ಫೋನ್ ಕೊಟ್ಟ. ಎಡಗಡೆಯ ಬಟ್ಟಲನ್ನು ಕೆನ್ನೆಯ ಕಡೆ ಸರಿಸಿ ಬಲಗಿವಿಗೆ ಒತ್ತಿಕೊಂಡೆ.

ಮಗಳು ಕೇಳಿದಳು. ಉತ್ತರವಿಲ್ಲ.

ಇನ್ನು ಮುಚ್ಚಿಡಲಾಗಲಿಲ್ಲ. "ಶಾಂತಾ, ಆ ಮುದಿಕಿ ದನಿ ನನಗ ಕೇಳಸವಲ್ದ. ನಿನ್ನೆ ಸಂಜಿಯಿಂದ ಕೇಳಸವಲ್ದ," ಎಂದೆ. ಶಾಂತಾಬಾಯಿ ನನ್ನ ಕೈ ಹಿಡಿದಳು.

ಮುದುಕನಿಗೆ ನಮ್ಮ ಮಾತು ತಿಳಿಯಲಿಲ್ಲ, ಆದರೆ ನಾನು ಸರಿಸಿಟ್ಟಿದ್ದ ಎಡಬಟ್ಟಲು ಅವನಿಗೆ ಕಂಡಿತ್ತು. ನನ್ನ ಎಡಗಿವಿಯ ಕಡೆ ಬೆರಳು ತೋರಿಸಿ ಪ್ರಶ್ನೆ ಕೇಳುವಂತೆ ಮುಖ ಮಾಡಿದ. "ಯೋಕ್," ಎಂದೆ. ಇಲ್ಲ. ಆ ಊರಿನಲ್ಲಿ ನಾನು ಕಲಿತಿದ್ದ ಇನ್ನೊಂದು ಮಾತು ಅದು.

ಅವನು ಹೆಡ್‌ಫೋನನ್ನು ನನ್ನ ತಲೆಯಿಂದ ತೆಗೆದು, ಹಿಂದುಮುಂದು ಮಾಡಿ, ಮತ್ತೆ ಇಟ್ಟ. ಈಗ ಎಡಬಟ್ಟಲು ನನ್ನ ಬಲಗಿವಿಯ ಮೇಲಿತ್ತು.

'ಉಂಡೆಯಾ?' ಎಂದಳು ತಾಯಿ.

ಒಬ್ಬಳೇ ತಾಯಿ. ಈಗ ಮಗಳಿಲ್ಲ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಾ ಮನೆ ತುಂಬಾ ಓಡಾಡುವ ಮುದುಕಿ. ನಾನು ಬಾಯಿ ತೆರೆದು ಅವನನ್ನೇ ನೋಡಿದೆ. ಅವನು ಯಂತ್ರದ ಮೇಲಿನ ಒಂದು ಗುಂಡಿ ಒತ್ತಿದ. ಎಡದ್ದು ಬಲದ್ದು ಎರಡೂ ಕೂಡಿ ಒಂದೇ ಕಿವಿಗೆ ಬಂದವು. ಮಗಳು ಕೇಳಿದಳು, ತಾಯಿ ಬಾಗಿಲು ಹಾಕು ಎಂದಳು.

ನನಗಾಗ ತಿಳಿಯಿತು. ಹಾಡು ಮಾಡುವವರು ಎರಡು ಕಿವಿಗೆ ಎರಡು ಪಾಲು ಹಂಚಿರುತ್ತಾರೆ. ಟ್ರ್ಯಾಕ್ಟರಿನ ಒಂದೇ ಸ್ಪೀಕರಿನಲ್ಲಿ ಎರಡೂ ಕೂಡಿಕೊಂಡೇ ಬಂದಿದ್ದವು. ಇಯರ್‌ಫೋನಿನಲ್ಲಿ ಎಡಗಿವಿಯ ಪಾಲು ಹೊರಗೇ ಉಳಿದಿತ್ತು. ನನ್ನ ಕಿವಿ ಯಾರನ್ನೂ ಆರಿಸಿ ಕೊಂದಿರಲಿಲ್ಲ.

ಹಿಕ್ಮೆತ್ ನನ್ನ ಫೋನು ಇಸಿದುಕೊಂಡು, ಮೂಗಿಗೆ ಹತ್ತಿರ ಹಿಡಿದು, ಒಳಗೆಲ್ಲೋ ಹುಡುಕಿ ಅದೇ ಬಗೆಯ ಒಂದು ಗುಂಡಿಯನ್ನು ಒತ್ತಿಕೊಟ್ಟ. ಇಷ್ಟೇ ಕೆಲಸ. ಮೂರು ವರ್ಷದಲ್ಲಿ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆಮೇಲೆ ಸಿಟ್ಟು ಬಂತು. ಮೂರು ವರ್ಷದಿಂದ ನಾನು ಕೇಳಿದ್ದೆಲ್ಲ ಅರ್ಧ. ತಿರಸ್ಕರಿಸಿದ್ದೂ ಅರ್ಧ ಕೇಳಿಯೇ. ಯಾವ ಆಲ್ಬಮಿನ ಎಡಗಡೆ ಎಂಥ ತಾಯಿ ಕುಳಿತು ನನಗಾಗಿ ಹಾಡಿ ಹೋದಳೋ! ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಶಾಂತಾಬಾಯಿ ಕೇಳಿದಳು, "ಮತ್ತೀಗೇನ್ ಮಾಡ್ತೀರಿ ಅಕ್ಕಾರ?"

"ಎಲ್ಲಾ ಮತ್ತ ಮೊದಲಿಂದ ಕೇಳ್ತೀನಿ."

"ಎಲ್ಲಾ?"

"ಬಾಗಿಲಿಂದ ಕಳಿಸಿದವನ್ನೂ."

ಅಂದು ಅಲ್ಲಿಯೇ ನಾಲ್ಕು ಹೊಸ ಆಲ್ಬಮ್ ಕೇಳಿದೆ. ಒಂದು ಬರೀ ಕೊಳಲಿನದು, ಇನ್ನೊಂದು ಇಸ್ತಾಂಬುಲ್‌ನ ಹುಡುಗರ ಕರ್ಕಶ ಗಿಟಾರಿನದು. ಅದನ್ನು ಇಂದಿಗೂ ಹಚ್ಚುತ್ತೇನೆ, ಮನೆಯಲ್ಲಿ ಯಾರಿಗೂ ಸೇರುವುದಿಲ್ಲ. ಮೂರು ಗಂಟೆಗೆ ಬಾಳಾಸಾಹೇಬರು ಬೆವರುತ್ತಾ ಹುಡುಕಿಕೊಂಡು ಬಂದರು. "ಬಸ್ ಹೊಂಟೈತ್ರಿ ವೈನಿ!"

"ಕೂಡ್ರಿ," ಎಂದೆ. "ರೆಕಾರ್ಡಿಂದು ಇದೊಂದ ಬಾಜೂ ಮುಗೀಲಿ."

ಹಿಕ್ಮೆತ್ ಅವರ ಕೈಗೆ ಚಹಾ ಕೊಟ್ಟ. ಆ ನಾಡಿನಲ್ಲಿ ಕೊಟ್ಟ ಚಹಾ ಬಿಟ್ಟು ಏಳುವಂತಿಲ್ಲ. ಸೀಟಿ ಕೊರಳಲ್ಲಿ ತೂಗುತ್ತಿದ್ದಂತೆಯೇ ಅವರು ಹದಿನೆಂಟು ನಿಮಿಷ ಕುಳಿತರು. ಹೊರಗೆ ಬಂದ ಮೇಲೆ, "ಏನ ಚೀರಾಡತಾವರಿ ಅವು" ಎಂದರು. ಎನ್ನಲಿ. ಕುಳಿತದ್ದಂತೂ ನಿಜ.

ಮಿರಜ್

ವಾಪಸು ಬರುವಾಗ ಕಿವಿ ಮತ್ತೆ ಮುಚ್ಚಿತು, ನಾಲ್ಕು ದಿನಕ್ಕೆ ಬಿಟ್ಟಿತು. ಬಳ್ಳಿ ಸವರುವ ಹಂಗಾಮು ಶುರುವಾಗುವ ಮೊದಲು ಡಾಕ್ಟರರ ಬಳಿ ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಸಪ್ಪಳ ಕೇಳಿಸಿದಾಗ ಬೆರಳೆತ್ತಿ ಎಂದರು. ಆಮೇಲೆ ಕಾಗದದ ಮೇಲೆ ಹಳೆಯ ಗೆರೆ, ಹೊಸ ಗೆರೆ ಎರಡನ್ನೂ ತೋರಿಸಿದರು. ಹೊಸ ಗೆರೆ ಕೆಳಗಿಳಿದಿತ್ತು.

"ವಿಮಾನದ್ದ ಏನ್ರಿ ಇದು?" ಎಂದು ಕೇಳಿದೆ.

"ಅದಕ್ಕನ ಅಂತ ಹೇಳಾಕ ಬರಂಗಿಲ್ಲ. ಇಳಿಯೂದ ಇತ್ತು, ಇಳದೈತಿ. ಇನ್ನರ ಕಿವಿಗೆ ಆರಾಮ ಕೊಡ್ರಿ ಕಾಕು. ಸಪ್ಪಳ ಸಣ್ಣದ ಇಟಗೋರಿ. ಇದ್ದದ್ದನ್ನ ಉಳಿಸಿಕೋರಿ."

ಸಪ್ಪಳ ಸಣ್ಣದಿಡುವುದು ಒಪ್ಪಿದೆ. ಉಳಿಸಿಕೊಳ್ಳುವ ಮಾತು ಒಪ್ಪಲಿಲ್ಲ. "ಡಾಕ್ಟರ, ನಾ ದ್ರಾಕ್ಷಿ ಮಾಡಾಕಿ. ಹಣ್ಣ ಆದ ಮ್ಯಾಲ ಬಳ್ಳಿಮ್ಯಾಲ ಬಿಟ್ಟ ಉಳಿಸಿದವರನ್ನ ಎಲ್ಲೂ ನೋಡಿಲ್ಲ. ಉಳಿಸಿದ್ದು ಹಕ್ಕಿ ಪಾಲು."

ಅವರು ನಕ್ಕು ಆರು ತಿಂಗಳು ಬಿಟ್ಟು ಬರಲು ಬರೆದುಕೊಟ್ಟರು.

ಅಥಣಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಆ ವಾರವಷ್ಟೇ ಬಂದಿದ್ದ ಒಂದು ಆಲ್ಬಮ್ ಹಚ್ಚಿದೆ. ಹೆಸರೇ ಕೇಳಿರದ ಯಾರೋ ಹುಡುಗನದು, ಎಂಟು ಹಾಡು. ಬಸ್ಸು ಕಾಗವಾಡ ದಾಟುವಷ್ಟರಲ್ಲಿ ಅದು ಮುಗಿಯಿತು. ಅಷ್ಟೇನೂ ಚೆನ್ನಾಗಿರಲಿಲ್ಲ. ಅಥಣಿ ಇನ್ನೂ ದೂರವಿತ್ತು, ಇನ್ನೊಂದನ್ನು ಹಚ್ಚಿದೆ.